ಗುಬ್ಬಿಯಿಂದ ಬಂದ ಬೆಕ್ಕು

ಅಮ್ಮ ಬಾಣಂತನ ಮುಗಿಸಿಕೊಂಡು ಕುಣಿಗಲ್‌ನಿಂದ ತಮ್ಮನನ್ನು ಎತ್ತಿಕೊಂಡು ಬಂದ ದಿನವೇ ನಡುಮನೆಯಲ್ಲಿ ನಾನು ಮಲಗುತ್ತಿದ್ದ ಜಾಗ ಹೋಯಿತು. ತುಮಕೂರಿನ ಮಂಡಿಪೇಟೆಯ ಹಿಂದೆ ಒಂದು ವಠಾರದಲ್ಲಿ ನಮ್ಮ ಬಾಡಿಗೆ ಮನೆ. ಮುಂದೆ ಅಪ್ಪಾಜಿಯ ಸೈಕಲ್ಲು ನಿಲ್ಲುವಷ್ಟು ಪಡಸಾಲೆ, ಆಮೇಲೆ ನಡುಮನೆ, ಅದರ ಮಗ್ಗುಲಿಗೆ ಅಡುಗೆಮನೆ, ಹಿಂದೆ ಹಂಡೆ ಇದ್ದ ಬಚ್ಚಲು. ಬಚ್ಚಲ ಬಾಗಿಲು ತೆಗೆದರೆ ವಠಾರದವರಿಗೆಲ್ಲ ಸೇರಿದ ಹಿತ್ತಿಲು. ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ ಇರುತ್ತಿದ್ದದ್ದು ನಡುಮನೆ ಒಂದೇ. ಅಲ್ಲಿ ಅಮ್ಮನ ಎಡಗಡೆಗೆ, ದೇವರ ಗೂಡಿನ ಕೆಳಗೆ ನನ್ನ ಚಾಪೆ. ಕುಣಿಗಲ್ ಬಸ್ಸಿನ ಟಾಪಿನ ಮೇಲೆ ಬಂದಿದ್ದ ಮರದ ತೊಟ್ಟಿಲನ್ನು ತೊಲೆಗೆ ಹಗ್ಗ ಬಿಗಿದು ಸರಿಯಾಗಿ ಆ ಚಾಪೆಯ ಮೇಲೆಯೇ ತೂಗುಹಾಕಿದರು. ನನ್ನ ಹಾಸಿಗೆಯನ್ನು ಸುರುಳಿ ಸುತ್ತಿ ಸೈಕಲ್ಲಿನ ಪಕ್ಕಕ್ಕೆ ಸಾಗಿಸಿದರು. ಮನೆಯ ವಾಸನೆಯೂ ಬದಲಾಯಿತು. ಬೆಳಿಗ್ಗೆ ಎದ್ದರೆ ಲೋಬಾನದ ಹೊಗೆ, ಮಧ್ಯಾಹ್ನ ಬಾಣಂತಿಯ ಮೆಣಸಿನ ಸಾರಿನ ಘಾಟು, ಯಾವಾಗಲೂ ಒದ್ದೆ ಬಟ್ಟೆ. ನೋಡಲು ಬಂದವರು ಬಾಗಿಲಲ್ಲಿ ನನ್ನ ಕೆನ್ನೆ ಹಿಂಡಿ, ‘ಅಕ್ಕ ಆಗ್ಬುಟ್ಟೆ ಕಣೇ ನೀನು’ ಎಂದು ಹೇಳಿ ನನ್ನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು.

ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಆ ಮನೆಗೆ ನಾನೇ ಯಜಮಾನಿಯಾಗಿದ್ದೆ. ಅಮ್ಮ ತವರಿಗೆ ಹೋಗಿದ್ದಾಗ ಅಪ್ಪಾಜಿ ಮತ್ತು ನಾನು, ಇಬ್ಬರೇ. ಅಪ್ಪಾಜಿ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಬೆಳಿಗ್ಗೆ ಹಣೆ ತುಂಬ ವಿಭೂತಿ ಇಟ್ಟು ಲಿಂಗಪೂಜೆ ಮುಗಿಸಿ, ಇಬ್ಬರಿಗೂ ಚಿತ್ರಾನ್ನ ಕಲಸಿ, ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದರು. ಭಾನುವಾರ ಎಷ್ಟೋ ಸಲ ರೈಲಿನಲ್ಲಿ ಗುಬ್ಬಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನೀಲಾಂಬಿಕೆ ಎನ್ನುವವರು ಮನೆಯ ಹಿಂದಿನ ಕೊಬ್ಬರಿ ಶೆಡ್ಡಿನಲ್ಲಿ ದಿಕ್ಕಿಲ್ಲದ ಬೆಕ್ಕು ನಾಯಿಗಳನ್ನು ಇಟ್ಟುಕೊಂಡು ಸಾಕುತ್ತಿದ್ದರು. ಊರವರು ಬೇಡದ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅವರ ಕಾಂಪೌಂಡಿನೊಳಗೆ ಹಾಕಿ ಹೋಗುತ್ತಿದ್ದರು. ಅಪ್ಪಾಜಿ ಅವುಗಳ ಗಾಯ ತೊಳೆದು, ಮುರಿದ ಕಾಲಿಗೆ ಬಿದಿರು ದಬ್ಬೆ ಕಟ್ಟಿ ಬರುತ್ತಿದ್ದರು. ನಾನು ಬ್ಯಾಂಡೇಜಿನ ಸುರುಳಿ ಹಿಡಿದು ನಿಲ್ಲುತ್ತಿದ್ದೆ. ತಮ್ಮ ಬಂದ ಮೇಲೆ ಇದೆಲ್ಲ ನಿಂತುಹೋಯಿತು. ಅಪ್ಪಾಜಿ ಆಸ್ಪತ್ರೆಯಿಂದ ಬಂದವರೇ ಕೈಕಾಲು ತೊಳೆದು ತೊಟ್ಟಿಲ ಹತ್ತಿರ ಹೋಗುತ್ತಿದ್ದರು. ನಾನು ಸೈಕಲ್ಲಿನ ಪಕ್ಕ ಕೂತು ಅವರ ಬೆನ್ನು ನೋಡುತ್ತಿದ್ದೆ. ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಅಪ್ಪಾಜಿ, ಇವನ್ನ ಯಾವಾಗ ವಾಪಸ್ ಕಳ್ಸೋದು?”

“ಎಲ್ಲಿಗಮ್ಮ?”

“ಕುಣಿಗಲ್‌ಗೆ.”

ಅಪ್ಪಾಜಿ ಜೋರಾಗಿ ನಕ್ಕರು. ಅಮ್ಮ ಅಡುಗೆಮನೆಯಿಂದಲೇ ನಕ್ಕಳು. ಮಾರನೆಯ ದಿನ ವಠಾರದವರೆಲ್ಲ, ‘ಏನಮ್ಮ ಉಮಾ, ತಮ್ಮನಿಗೆ ಟಿಕೆಟ್ ತಗಂಡ್ಯಾ?’ ಎಂದು ಕೇಳತೊಡಗಿದರು. ನನಗೆ ಅವಮಾನವಾಗಿ ಊಟಕ್ಕೆ ಅವರ ಜೊತೆ ಕೂರುವುದನ್ನೇ ಬಿಟ್ಟೆ. ತಟ್ಟೆ ಎತ್ತಿಕೊಂಡು ಪಡಸಾಲೆಗೆ ಬಂದು ಒಬ್ಬಳೇ ತಿನ್ನುತ್ತಿದ್ದೆ. ಎರಡು ತುತ್ತು ತಿಂದು ಉಳಿದದ್ದನ್ನು ಬಚ್ಚಲಿಗೆ ಹಾಕುತ್ತಿದ್ದೆ. ಅಮ್ಮನಿಗೆ ಅದನ್ನು ಗಮನಿಸಲು ಪುರಸೊತ್ತಿರಲಿಲ್ಲ. ಅಪ್ಪಾಜಿ ಗಮನಿಸಿದರು.

ದಸರಾ ರಜ ಶುರುವಾದ ದಿನ ಅವರು ರೈಲ್ವೆ ಸ್ಟೇಷನ್ ಕಡೆಯಿಂದ ಒಂದು ಮುಚ್ಚಿದ ಬುಟ್ಟಿ ಹಿಡಿದುಕೊಂಡು ಬಂದರು. ಬುಟ್ಟಿಯನ್ನು ತೊಟ್ಟಿಲ ಹತ್ತಿರ ಒಯ್ಯದೆ ನೇರವಾಗಿ ನನ್ನ ಮುಂದೆ ಇಟ್ಟರು. ‘ರಜಕ್ಕೆ ನಿಂಗೆ. ನಿಂಗೊಬ್ಳಿಗೇ’ ಎಂದರು. ಬಟ್ಟೆ ಸರಿಸಿದರೆ ಒಳಗೆ ಒಂದು ಬೂದಿ ಬಣ್ಣದ ಬೆಕ್ಕು. ಮರಿಯಲ್ಲ, ಚೆನ್ನಾಗಿ ಬೆಳೆದ ಬೆಕ್ಕು. ಒಂದು ಕಿವಿ ಹರಿದಿತ್ತು.

“ಮರಿ ಅಲ್ವಾ?”

“ಮರೀನ ಎಲ್ರೂ ಕೇಳಿ ತಗಂಡ್ ಹೋಗ್ತಾರೆ ಕಣಮ್ಮ. ದೊಡ್ಡದಾಗ್ಬಿಟ್ರೆ ಯಾರೂ ಕೇಳಲ್ಲ. ಉಮಾಗೆ ಇದೇ ಸರಿ ಅಂತ ಟೀಚರ್ರೇ ಆರಿಸಿ ಕೊಟ್ರು.”

ಅಡುಗೆಮನೆಯಲ್ಲಿ ರುಬ್ಬುವ ಸದ್ದು ನಿಂತಿತು.

“ಯಾವ ಟೀಚರ್ರು?” ಎಂದಳು ಅಮ್ಮ.

ಅಪ್ಪಾಜಿ ಹೆಸರು ಹೇಳಿದರು.  ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ‘ಹಸುಗೂಸು ಇರೋ ಮನೆ. ಇದು ನಡುಮನೆ ಹೊಸ್ಲು ದಾಟಂಗಿಲ್ಲ’ ಎಂದು ಹೇಳಿ ಹೋದಳು. ಆ ಮಾತು ನ್ಯಾಯವಾಗಿಯೇ ಇತ್ತು. ಆದರೆ ಆವತ್ತು ಅಪ್ಪಾಜಿಗೆ ಮಾತ್ರ ಸಾರಿನಲ್ಲಿ ಬರೀ ತಿಳಿ ಬಂತು.

ಬೆಕ್ಕಿಗೆ ಹೆಸರಿಟ್ಟಿದ್ದು ನಾನೇ, ಗುಬ್ಬಿಯಿಂದ ಬಂದದ್ದರಿಂದ ಗುಬ್ಬಿ ಎಂದು. ಎದುರುಮನೆಯ ಜಯಮ್ಮನವರು, ‘ಬೆಕ್ಕಿಗೆ ಗುಬ್ಬಿ ಅಂತಾರೇನೇ!’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ನಗಲಿಲ್ಲ. ರಜದಲ್ಲಿ ನಾನು ಮನೆಯಲ್ಲೇ ಇರುತ್ತಿದ್ದೆನಲ್ಲ, ಬೆಳಗಿನಿಂದ ಸಂಜೆಯವರೆಗೆ ಪಡಸಾಲೆಯಲ್ಲಿ, ಹಿತ್ತಿಲಲ್ಲಿ, ಬಚ್ಚಲ ಬಾಗಿಲಲ್ಲಿ ನನ್ನದು ಒಂದೇ ಕೂಗು: ‘ಗುಬ್ಬೀ, ಗುಬ್ಬೀ, ಎಲ್ಲಿದೀಯೇ ಗುಬ್ಬೀ?’ ಅಮ್ಮನಿಗೆ ಆ ಹೆಸರು ಕಿವಿಯಲ್ಲಿ ಕಡ್ಡಿ ಆಡಿಸಿದ ಹಾಗೆ ಆಗುತ್ತಿತ್ತೆಂದು ನನಗೆ ಹೇಗೆ ಗೊತ್ತಾಗಬೇಕು? ‘ಬೇರೆ ಹೆಸರೇ ಸಿಗ್ಲಿಲ್ವೇನೇ ನಿಂಗೆ? ಪುಟ್ಟಿ ಅನ್ನು, ಬೆಳ್ಳಿ ಅನ್ನು’ ಎಂದು ಗದರುತ್ತಿದ್ದಳು.

ಒಂದು ಮಧ್ಯಾಹ್ನ ತಮ್ಮ ನಿದ್ದೆ ಹೋಗಿದ್ದ. ಅಮ್ಮ ನನ್ನನ್ನು ಕರೆದು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚತೊಡಗಿದಳು. ಅವಳು ಕುಣಿಗಲ್‌ನಿಂದ ಬಂದಮೇಲೆ ನನ್ನ ತಲೆ ಮುಟ್ಟಿದ್ದು ಅದೇ ಮೊದಲು. ನಾನು ಕಣ್ಣು ಮುಚ್ಚಿಕೊಂಡೆ.

“ನಾನಿಲ್ದಾಗ ಗುಬ್ಬಿಗೆ ಸುಮಾರ್ ಸಲ ಹೋಗಿದ್ರಾ?”

“ಹೂಂ.”

“ಊಟ ಎಲ್ಲಿ?”

“ಟೀಚರ್ ಮನೇಲಿ.”

“ಏನ್ ಮಾಡಿದ್ಲು?”

“ಅಕ್ಕಿರೊಟ್ಟಿ. ಹುಚ್ಚೆಳ್ಳು ಚಟ್ನಿ.”

ಬೆರಳುಗಳು ನಿಂತವು. “ನಿಮ್ಮಪ್ಪ ಇನ್ನೊಂದು ಹಾಕಿಸ್ಕಂಡ್ರಾ?”

“ಹಾಕಿಸ್ಕಂಡ್ರು.”

ಟೀಚರ್ ಯಾವ ಸೀರೆ ಉಟ್ಟಿದ್ದಳು, ಹೂವು ಮುಡಿದಿದ್ದಳಾ, ಮಾತಾಡುವಾಗ ನಗುತ್ತಿದ್ದಳಾ, ಅಪ್ಪಾಜಿಯನ್ನು ಏನೆಂದು ಕರೆಯುತ್ತಿದ್ದಳು, ಅಮ್ಮ ಒಂದೊಂದಾಗಿ ಕೇಳಿದಳು. ಒಳಗೆ ತಮ್ಮ ಎದ್ದು ಅಳತೊಡಗಿದ. ಅಮ್ಮ, ‘ಇರೋ ಬಂದೆ’ ಎಂದು ಅಲ್ಲಿಂದಲೇ ಹೇಳಿ ಏಳದೆ ಕೂತಳು. ಅವನು ಅಳುತ್ತಿದ್ದ, ಅವಳು ನನ್ನನ್ನು ಕೇಳುತ್ತಿದ್ದಳು. ಗುಬ್ಬಿಯ ಮಾತು ಬಂದರೆ ಅಮ್ಮ ನನ್ನವಳಾಗುತ್ತಾಳೆ ಎಂದು ನನಗೆ ತಿಳಿದುಹೋಯಿತು. ಅಲ್ಲಿಂದ ಮುಂದೆ ನನಗೆ ನೆನಪಿದ್ದದ್ದನ್ನೆಲ್ಲ ಒಂದೇ ಸಲ ಹೇಳುತ್ತಿರಲಿಲ್ಲ. ದಿನಕ್ಕಿಷ್ಟು ಎಂದು ಹೇಳುತ್ತಿದ್ದೆ.

ಜಯಮ್ಮನವರ ಬಾಯಿಂದ ಮಿಕ್ಕದ್ದು ಗೊತ್ತಾಯಿತು. ಅವರು ಬೆಳ್ಳುಳ್ಳಿ ಸುಲಿಯುತ್ತಾ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನಾನು ಸೈಕಲ್ಲಿನ ಹಿಂದೆ ಬೆಕ್ಕಿಗೆ ರಿಬ್ಬನ್ನು ಕಟ್ಟುತ್ತಿದ್ದೆ.

“ಆ ನೀಲಾ ಟೀಚರ್ರಾ? ನಿಮ್ಮೆಜಮಾನ್ರು ನಿನಗಿಂತ ಮೊದ್ಲು ನೋಡೋಕೋಗಿದ್ದ ಹೆಣ್ಣು ಕಣೇ ಅದು.”

“ಗೊತ್ತು ಬುಡಿ. ಮದುವೆ ಹೊಸದ್ರಲ್ಲೇ ನಮ್ಮತ್ತೆ ಹೇಳಿದ್ರು. ಹುಡುಗಿ ಕಪ್ಪು ಅಂತ ಇವ್ರೇ ಬೇಡ ಅಂದ್ರಂತೆ.” ಅಮ್ಮನ ದನಿಯಲ್ಲಿ ಸ್ವಲ್ಪ ಬಿಗುಮಾನವಿತ್ತು. ಅವಳು ಹಾಲಿನ ಕೆನೆಯಂಥ ಬಣ್ಣದವಳು, ಅದು ಅವಳಿಗೂ ಗೊತ್ತಿತ್ತು. “ಆವತ್ತು ಬೇಡ ಅಂದೋರು ಈಗ್ಯಾಕೆ ಅಲ್ಲಿಗೆ ಹೋಗ್ಬೇಕು? ಅದು ಹೇಳಿ.”

 ಜಯಮ್ಮನವರು ಇನ್ನೊಂದು ಬೆಳ್ಳುಳ್ಳಿ ಸುಲಿದರು.

ನನ್ನ ಸಂಕಟ ಬೇರೆಯೇ ಇತ್ತು. ನನಗೊಬ್ಬಳಿಗೇ ಎಂದು ಕೊಟ್ಟ ಬೆಕ್ಕು ನನ್ನ ಹತ್ತಿರ ಬರುತ್ತಿರಲಿಲ್ಲ. ನನ್ನ ಲೋಟದ ಹಾಲಿನಲ್ಲಿ ಅರ್ಧ ಉಳಿಸಿ ತೆಂಗಿನ ಚಿಪ್ಪಿಗೆ ಹಾಕುತ್ತಿದ್ದೆ. ಕುಡಿದು, ಮೀಸೆ ನೆಕ್ಕಿಕೊಂಡು, ನನ್ನ ಕಡೆ ನೋಡದೆ ಎದ್ದು ಅಡುಗೆಮನೆಗೆ ನಡೆಯುತ್ತಿತ್ತು. ಅಲ್ಲಿ ಅಮ್ಮ, ‘ಥೂ, ಹೋಗಾಚೆ’ ಎಂದು ಕಾಲಲ್ಲಿ ತಳ್ಳುತ್ತಿದ್ದಳು. ತಳ್ಳಿದಷ್ಟೂ ಅವಳ ಕಾಲಿಗೇ ಮೈ ಉಜ್ಜುತ್ತಿತ್ತು. ಅಮ್ಮ ನಡುಮನೆಯ ಹೊಸ್ತಿಲಿನ ಒಳಗೆ ಕೂತು ತಮ್ಮನಿಗೆ ಹಾಲು ಕೊಡುವಾಗ, ಇದು ಹೊಸ್ತಿಲಿನ ಹೊರಗೆ ಮಲಗಿ, ಅವಳ ಸೀರೆಯ ಅಂಚು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೆ ಮೂತಿ ತಾಗಿಸಿಕೊಂಡು ಗುರುಗುರು ಅನ್ನುತ್ತಿತ್ತು. ತೊಡೆಯ ಮೇಲೆ ತಮ್ಮ, ಅಂಚಿನಲ್ಲಿ ಬೆಕ್ಕು, ಸಂಜೆಯಾದರೆ ಎದುರಿಗೆ ಅಪ್ಪಾಜಿ. ಎಲ್ಲರೂ ಅವಳ ಸುತ್ತ. ನಾನು ಬೆಕ್ಕನ್ನು ಎತ್ತಿ ಬಲವಂತವಾಗಿ ಮಡಿಲಲ್ಲಿ ಕೂರಿಸಿಕೊಂಡರೆ ಬೆನ್ನು ಬಿಲ್ಲಿನಂತೆ ಮಾಡಿ, ಕೈ ಪರಚಿ ಜಾರಿಹೋಗುತ್ತಿತ್ತು. ಆ ದಿನಗಳಲ್ಲಿ ನನಗೆ ತಮ್ಮನಿಗಿಂತ ಅಮ್ಮನ ಮೇಲೆ ಹೆಚ್ಚು ಹೊಟ್ಟೆಕಿಚ್ಚು. ಬೇಡ ಬೇಡ ಎಂದು ತಳ್ಳುವವಳಿಗೆ ಎಲ್ಲವೂ ಸಿಗುತ್ತದೆ, ಬೇಕು ಎಂದು ಹಾಲು ಉಳಿಸಿ ಕೊಡುವವಳಿಗೆ ಪರಚಿದ ಗಾಯ.

ರಜ ಮುಗಿಯುವ ಮುಂಚೆ ಅಪ್ಪಾಜಿ ಇನ್ನೊಮ್ಮೆ ಗುಬ್ಬಿಗೆ ಹೋಗಿ ಬಂದರು. ಸಂಜೆ ಅಮ್ಮ ಮುದ್ದೆ ತೊಳಸುತ್ತಿದ್ದಾಗ ಜೇಬಿನಿಂದ ಒಂದು ಪುಟ್ಟ ಉಲ್ಲನ್ ಟೋಪಿ ತೆಗೆದು, ಅವಳಿಗೆ ಕಾಣುವ ಹಾಗೆ ಹಿಡಿದರು. ಹಳದಿ ಬಣ್ಣದ್ದು, ಮೇಲೆ ಒಂದು ಕುಚ್ಚು.

“ಚಳಿ ಶುರುವಾಗುತ್ತಲ್ಲ, ಮಗೂಗೆ ಅಂತ ಟೀಚರ್ ಹೆಣೆದವ್ರೆ.”

“ಅವಳನ್ನ ಯಾರ್ ಕೇಳಿದ್ರು?”

“ಕೇಳೋದೇನು, ಪ್ರೀತಿಗೆ ಹಾಕಿಕೊಟ್ಟವ್ರೆ ಕಣೇ.”

“ಪ್ರೀತಿ.” ಅಮ್ಮ ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿದಳು. “ಮಗನಿಗೆ ಟೋಪಿ, ಮಗಳಿಗೆ ಬೆಕ್ಕು. ನಂಗೇನ್ ಕಳ್ಸವ್ಳೆ?”

ಅಪ್ಪಾಜಿ ಸಾಧು ಮನುಷ್ಯ. ನಿಜವಾಗಿ ಕೇಳುತ್ತಿದ್ದಾಳೆ ಎಂದುಕೊಂಡರು. “ನಿಂಗೆ ನಮಸ್ಕಾರ ಹೇಳವ್ರೆ” ಎಂದರು.

ಆ ಸಂಜೆ ನಮ್ಮ ಮನೆಯಲ್ಲಿ ಮುದ್ದೆ ಗಂಟುಗಂಟಾಯಿತು, ಯಾರೂ ಸರಿಯಾಗಿ ಉಣ್ಣಲಿಲ್ಲ. ಅಮ್ಮ ಕುಣಿಗಲ್‌ಗೆ ಹೊರಟುಹೋಗುತ್ತೇನೆ ಎಂದಳು. ಅಪ್ಪಾಜಿ ದನಿ ಏರಿಸಿದರು. ಗೋಡೆಯ ಆಚೆ ಪಕ್ಕದ ಮನೆಯವರು ರೇಡಿಯೋ ಸದ್ದು ಕಡಿಮೆ ಮಾಡಿದರು. ಕೊನೆಗೆ ಅಮ್ಮ, ‘ಆ ಬೆಕ್ಕು ಈ ಮನೇಲಿರಲ್ಲ. ಯಾರೂ ತಗಂಡೋಗೋದು ಬೇಡ, ನಾನೇ ಹೋಗಿ ಅವಳ ಕೈಗೆ ಕೊಟ್ಟು ಬರ್ತೀನಿ’ ಎಂದಳು.

ಮಾರನೆಯ ಬೆಳಿಗ್ಗೆ ಅಪ್ಪಾಜಿ ಗೂಳೂರಿನ ಕಡೆ ದನಗಳಿಗೆ ಇಂಜೆಕ್ಷನ್ ಹಾಕಲು ಹೋದ ತಕ್ಷಣ ಅಮ್ಮ ಟ್ರಂಕು ತೆಗೆದಳು. ಧಾರೆಯಲ್ಲಿ ಉಟ್ಟಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆ, ಎರಡೆಳೆ ಸರ, ಜುಮುಕಿ. ಮುಖಕ್ಕೆ ಪೌಡರು ಹಚ್ಚಿ, ಮಲ್ಲಿಗೆಯ ದಂಡೆ ಮುಡಿದಳು. ಒಂದು ಬೆಕ್ಕನ್ನು ವಾಪಸು ಕೊಡಲು ಅಷ್ಟು ಸಿಂಗರಿಸಿಕೊಂಡು ಹೋದವರು ತುಮಕೂರಿನಲ್ಲಿ ಬೇರೆ ಯಾರೂ ಇರಲಾರರು. ಸ್ಟೇಷನ್ನಿನಲ್ಲಿ ಜನ, ಯಾವ ಮದುವೆಗೆ ಹೊರಟಿದ್ದಾರೆ ಎನ್ನುವ ಹಾಗೆ ನೋಡಿದರು. ಪ್ಯಾಸೆಂಜರ್ ರೈಲಿನ ಕಿಟಕಿಯಿಂದ ಕಲ್ಲಿದ್ದಲ ಪುಡಿ ಹಾರಿಬಂದು ಸೀರೆಯ ಮೇಲೆ ಕೂರುತ್ತಿತ್ತು, ಅಮ್ಮ ಕೊಡವುತ್ತಿದ್ದಳು. ಅವಳ ತೊಡೆಯ ಮೇಲೆ ತಮ್ಮ, ನನ್ನ ತೊಡೆಯ ಮೇಲೆ ಬುಟ್ಟಿ. ಒಳಗಿಂದ ಬೆಕ್ಕು ಒಂದೇ ಸಮನೆ ಕೂಗುತ್ತಿತ್ತು. ನಾನು ಬಟ್ಟೆಯ ಸಂದಿನಿಂದ ಬೆರಳು ಇಳಿಬಿಟ್ಟರೂ ಸುಮ್ಮನಾಗಲಿಲ್ಲ. ಅಮ್ಮ, ‘ಸುಮ್ನಿರೇ’ ಎಂದು ಗದರಿದಾಗ ಸುಮ್ಮನಾಯಿತು. ಅದೂ ನನಗೆ ನುಂಗಲಾಗದ ತುತ್ತು.

ನೀಲಾ ಟೀಚರ್ ಮನೆ ಸ್ಟೇಷನ್ನಿನಿಂದ ಬಹಳ ದೂರವಿರಲಿಲ್ಲ. ಗೇಟು ತಳ್ಳಿದಾಗ ಅವರು ಶೆಡ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ನಾಯಿಯ ಕಿವಿಗೆ ನೇರಳೆ ಔಷಧಿ ಹಚ್ಚುತ್ತಿದ್ದರು. ಮಾಸಿದ ಹತ್ತಿ ಸೀರೆ, ಎತ್ತಿ ಸಿಕ್ಕಿಸಿದ ಸೆರಗು, ಮೊಣಕೈವರೆಗೂ ಔಷಧಿಯ ಕಲೆ. ಬಿಸಿಲಲ್ಲಿ, ಗೋಡೆಯ ಮೇಲೆ, ಕೊಬ್ಬರಿ ಹರಡುತ್ತಿದ್ದ ಕಟ್ಟೆಯ ಮೇಲೆ, ಎಲ್ಲಿ ನೋಡಿದರೂ ಬೆಕ್ಕು. ಅವುಗಳ ನಡುವೆ ಅಮ್ಮ ಜರಿ ಸೀರೆಯ ನಿರಿಗೆ ಹಿಡಿದುಕೊಂಡು ನಿಂತಳು.

“ಅಯ್ಯೋ, ಉಮಾ! ಇವ್ರು ಅಮ್ಮ ಅಲ್ವಾ? ಬನ್ನಿ ಬನ್ನಿ, ಕೂತ್ಕೊಳಿ.”

“ಕೂರಾಕೆ ಬಂದಿಲ್ಲ. ಬೆಕ್ಕು ವಾಪಸ್ ಕೊಡಾಕ್ ಬಂದಿದೀನಿ. ಕೂಸಿರೋ ಮನೆ, ಬೆಕ್ಕಾಗಲ್ಲ.”

“ಆಯ್ತು ಬಿಡಿ” ಎಂದರು ಟೀಚರ್. “ನೀವು ಹೇಳೋದೂ ಸರೀನೇ.”

ಜಗಳಕ್ಕೆ ಸಿದ್ಧವಾಗಿ ಬಂದವಳಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಟೀಚರ್ ಕೈ ತೊಳೆದು ಬಂದು, ತಮ್ಮನ ಮುಖ ನೋಡಿ, ‘ಮೂಗು ಅಪ್ಪಂದೇ’ ಎಂದರು. ಅಷ್ಟು ಸಾಕಾಯಿತು.

“ನಮ್ಮನೆಯವ್ರ ಮೂಗನ್ನ ಅಷ್ಟು ಚೆನ್ನಾಗಿ ನೋಡಿದೀರಾ? ನಿಮ್ಮನ್ನ ಹೆಣ್ಣು ನೋಡಾಕೆ ಬಂದಿದ್ರಂತಲ್ಲ.”

 ಟೀಚರ್ ನಕ್ಕರು. “ಬಂದಿದ್ರು. ಉಪ್ಪಿಟ್ಟು ತಿಂದ್ರು. ಬೇಡ ಅಂದಿದ್ದು ನಾನೇ.”

ಅಮ್ಮನ ಮುಖದಿಂದ ಬಣ್ಣ ಇಳಿದುಹೋಯಿತು. ಮದುವೆಯಾದಾಗಿನಿಂದ ಅವಳು ಎದೆಯಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ ಮಾತು ಅದು, ಟೀಚರನ್ನು ಬೇಡ ಎಂದು ತನ್ನನ್ನು ಆರಿಸಿಕೊಂಡರು ಎನ್ನುವುದು. ಆದರೆ ಅವಳ ಬಾಯಿಂದ ಬಂದದ್ದು ನಾನು ನಿರೀಕ್ಷಿಸದ ಸಿಟ್ಟು.

“ನೀವ್ ಬೇಡ ಅಂದ್ರಾ? ಯಾಕೆ? ನಮ್ಮೆಜಮಾನ್ರಿಗೆ ಏನ್ ಕಮ್ಮಿಯಾಗಿತ್ತು?”

“ಏನೂ ಕಮ್ಮಿ ಇರ್ಲಿಲ್ಲ ಕಣ್ರೀ. ನಂಗೆ ಮದುವೇನೇ ಬೇಡವಾಗಿತ್ತು. ಓದ್ಬೇಕು, ಕೆಲಸಕ್ಕೆ ಸೇರ್ಬೇಕು ಅಂತ ಆಸೆ. ನಮ್ಮಪ್ಪನ ಮುಂದೆ ಬಾಯಿ ಬಿಡೋ ಧೈರ್ಯ ಇರ್ಲಿಲ್ಲ. ಇವ್ರು ಕೈ ತೊಳೆಯೋಕೆ ಹಿತ್ತಿಲಿಗೆ ಬಂದಾಗ, ಚೊಂಬು ಹಿಡ್ಕೊಂಡು ನಿಂತಿದ್ದೋಳು ಅತ್ತುಬಿಟ್ಟೆ. ದಯವಿಟ್ಟು ನೀವೇ ಬೇಡ ಅಂತ ಹೇಳಿ, ಯಾರಿಗೂ ಹೇಳ್ಬೇಡಿ ಅಂದೆ. ಅವ್ರು ಹುಡುಗಿ ಕಪ್ಪು ಅಂತ ಹೇಳಿ, ಎಲ್ರ ಹತ್ರಾನೂ ಬೈಸ್ಕೊಂಡು ಹೋದ್ರು. ಆಮೇಲೆ ನಮ್ಮಪ್ಪನೂ ಸುಮ್ನಾದ್ರು. ಅವತ್ತಿನ ಉಪಕಾರ ನಾನು ಮರೆತಿಲ್ಲ.”

ಅಮ್ಮ ಕಟ್ಟೆಯ ಮೇಲೆ ಕೂತಳು. ರೇಷ್ಮೆ ಸೀರೆಯಲ್ಲಿ, ಧೂಳಿನಲ್ಲಿ, ಹಾಗೆಯೇ. ಟೀಚರ್ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಬಟ್ಟೆ ಬಿಚ್ಚಿದರು. ಬೆಕ್ಕು ಹೊರಗೆ ಬಂದು ಸುತ್ತ ನೋಡಿತು. ಶೆಡ್ಡಿನ ಬೆಕ್ಕುಗಳು ಬಾಲ ಉಬ್ಬಿಸಿಕೊಂಡು ಎದ್ದು ನಿಂತವು. ಹಳೆಯ ಮನೆಯಾದರೂ ನಮ್ಮ ಬೆಕ್ಕು ಟೀಚರ್ ಹತ್ತಿರ ಹೋಗಲಿಲ್ಲ. ನನ್ನ ಹತ್ತಿರವೂ ಬರಲಿಲ್ಲ. ಓಡಿಹೋಗಿ ಅಮ್ಮನ ನಿರಿಗೆಯೊಳಗೆ ಹೊಕ್ಕಿತು. ಉಗುರು ಜರಿಗೆ ಸಿಕ್ಕಿ ಪರ್ ಎಂದಿತು. ಆಗ ನಾನು ಕಿರುಚಿದೆ.

“ಅದು ನನ್ನ ಬೆಕ್ಕು! ನಂಗೆ ಕೊಟ್ಟಿದ್ದು! ವಾಪಸ್ ಕೊಡ್ಲಾ ಅಂತ ನನ್ನ ಯಾರೂ ಕೇಳ್ಲಿಲ್ಲ!” ನಾನು ನಿಂತಲ್ಲೇ ಕಾಲು ಬಡಿದೆ. “ಅದೂ ಅಮ್ಮನ ಹತ್ರಾನೇ ಹೋಗುತ್ತೆ. ಪಾಪೂನೂ ಅಮ್ಮನ ಹತ್ರ, ಅಪ್ಪಾಜೀನೂ ಅಮ್ಮನ ಹತ್ರ. ಎಲ್ರೂ ಅಮ್ಮನ ಹತ್ರಾನೇ!”

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಬೇರೆ ಯಾರದೋ ವಿಷಯ ಕೇಳಿದವಳ ಹಾಗೆ, “ನನ್ನ ಹತ್ರಾನಾ?” ಎಂದಳು.

“ಮತ್ತೆ ನನ್ನ ಹತ್ರ ಯಾರ್ ಬರ್ತಾರಮ್ಮ?” ಎಂದರು ಟೀಚರ್. “ಗೋಣಿಚೀಲದಲ್ಲಿ ಕಟ್ಟಿ ಎಸೆದವೇ ತಾನೇ?” ನಗಿಸಲು ಹೇಳಿದ ಮಾತು, ಯಾರೂ ನಗಲಿಲ್ಲ. ಅವರು ಒಳಗೆ ಹೋಗಿ ಮಜ್ಜಿಗೆ ತಂದರು. ಅವಳ ಮನೆಯ ನೀರನ್ನೂ ಮುಟ್ಟುವುದಿಲ್ಲ ಎಂದು ರೈಲಿನಲ್ಲಿ ಹೇಳಿದ್ದ ಅಮ್ಮ ಅದನ್ನು ಪೂರ್ತಿ ಕುಡಿದಳು. ತಮ್ಮನನ್ನು ಟೀಚರ್ ಕೈಗೆ ಕೊಟ್ಟು, ಬಗ್ಗಿ, ನಿರಿಗೆಯಿಂದ ಉಗುರನ್ನು ಒಂದೊಂದಾಗಿ ಬಿಡಿಸಿದಳು. ಬೆಕ್ಕನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದಳು.

“ತಗೊ. ನಿಂದು ತಾನೇ, ನೀನೇ ಬುಟ್ಟೀಲಿ ಹಾಕ್ಕೊ.”

ವಾಪಸು ಬರುವ ರೈಲಿನಲ್ಲಿ ಅಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ಕಲ್ಲಿದ್ದಲ ಪುಡಿಯನ್ನು ಕೊಡವಲಿಲ್ಲ. ನನ್ನನ್ನು ಮೈಗೆ ಒತ್ತಿಕೊಂಡು ಕೂತಿದ್ದಳು. ತಮ್ಮ ಹುಟ್ಟಿದ ಮೇಲೆ ಅಷ್ಟು ಹತ್ತಿರ ಕೂತಿದ್ದು ಆವತ್ತೇ ಮೊದಲು, ಆದರೆ ಅವಳ ಗಮನ ನನ್ನ ಮೇಲೆ ಇರಲಿಲ್ಲ ಎನ್ನುವುದೂ ನನಗೆ ಗೊತ್ತಾಗುತ್ತಿತ್ತು.

ಸಂಜೆ ಅಪ್ಪಾಜಿ ಊಟಕ್ಕೆ ಕೂತರು. ಹಗ್ಗದ ಮೇಲೆ ಗಾಳಿಗೆ ಹಾಕಿದ್ದ ರೇಷ್ಮೆ ಸೀರೆ ಕಣ್ಣಿಗೆ ಬಿತ್ತು.

“ಎಲ್ಲಿಗೋಗಿದ್ರಿ?”

“ಗುಬ್ಬಿಗೆ.” ಅಮ್ಮ ಸಾರು ಬಡಿಸಿದಳು. ತಿಳಿಯಲ್ಲ, ಕಾಳು ಸಮೇತ. “ಹುಡುಗಿ ಅಷ್ಟೇನೂ ಕಪ್ಪಿಲ್ವಲ್ಲ ರೀ.”

ಅಪ್ಪಾಜಿಯ ಕೈ ತಟ್ಟೆಯಲ್ಲಿ ನಿಂತಿತು. ಹಿತ್ತಿಲಿಂದ ಯಾರದೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

“ನಂಗ್ಯಾಕೆ ಹೇಳ್ಲಿಲ್ಲ?” ಎಂದಳು ಅಮ್ಮ.

“ಯಾರಿಗೂ ಹೇಳ್ಬೇಡಿ ಅಂದಿದ್ರು ಕಣೇ. ಮಾತು ಕೊಟ್ಟಿದ್ದೆ.”

“ನಾನು ಯಾರೋನಾ?”

ಅಮ್ಮ ಅದನ್ನು ಜಗಳದ ದನಿಯಲ್ಲಿ ಕೇಳಲಿಲ್ಲ. ಮೆಲ್ಲಗೆ ಕೇಳಿದಳು.  ಅಪ್ಪಾಜಿ ಅನ್ನ ಕಲಸುತ್ತಾ ಕೂತರು. ಬಹಳ ದಿನ ಅವರಿಬ್ಬರ ನಡುವೆ ಅಕ್ಕಿ ಬೇಳೆಯ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಅಪ್ಪಾಜಿ ಹೂವು ತಂದರು, ಕಡಲೆಕಾಯಿ ತಂದರು, ಗುಬ್ಬಿಗೆ ಹೋಗುವುದನ್ನೇ ನಿಲ್ಲಿಸಿದರು. ಅಮ್ಮ ಹೂವನ್ನು ದೇವರಿಗೆ ಹಾಕಿದಳು, ಕಡಲೆಕಾಯಿಯನ್ನು ನನಗೆ ಕೊಟ್ಟಳು. ಬೆಕ್ಕು ಮಾತ್ರ ಹೊಸ್ತಿಲು ದಾಟಿ ಒಳಗೆ ಬಂತು. ತಮ್ಮನ ತೊಟ್ಟಿಲಿನ ಹತ್ತಿರ ಹೋಗದಂತೆ ನೋಡಿಕೊಳ್ಳುವ ಕೆಲಸ ನನ್ನದಾಯಿತು. ಆ ಕಾವಲಿನ ನೆಪದಲ್ಲಿ ನಾನೂ ತೊಟ್ಟಿಲಿನ ಹತ್ತಿರ ಕೂರತೊಡಗಿದೆ, ಮತ್ತು ಒಂದು ದಿನ ತಮ್ಮ ನನ್ನ ಬೆರಳು ಹಿಡಿದುಕೊಂಡು ಬಿಡಲೊಲ್ಲದೆ ಹೋದಾಗ ಅಮ್ಮನನ್ನು ಕರೆಯದೆ ಗುಟ್ಟಾಗಿ ಅದನ್ನು ಅನುಭವಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಅಮ್ಮ ಎಳ್ಳುಬೆಲ್ಲದ ಡಬ್ಬಿ ಹಿಡಿದುಕೊಂಡು, ಮನೆಯಲ್ಲಿ ಉಡುವ ಹತ್ತಿ ಸೀರೆಯಲ್ಲೇ, ತಾನಾಗಿ ಗುಬ್ಬಿಗೆ ಹೊರಟಳು. ‘ಆಯಮ್ಮನಿಗೆ ಎಳ್ಳು ಕೊಡೋರು ಯಾರವ್ರೆ’ ಎಂದಳು. ತಮ್ಮ ನಡೆಯಲು ಕಲಿಯುವ ಹೊತ್ತಿಗೆ ಶನಿವಾರ ಮಧ್ಯಾಹ್ನದ ರೈಲು ಅವಳದೇ ಎನ್ನುವ ಹಾಗಾಗಿತ್ತು. ಅವಳು ಅಲ್ಲಿ ಗಾಯ ತೊಳೆಯುವುದನ್ನು, ಬ್ಯಾಂಡೇಜು ಕಟ್ಟುವುದನ್ನು ಕಲಿತಳು. ಹೋಗುವಾಗ ಅವರೆಕಾಳಿನ ಉಪ್ಪಿಟ್ಟೋ, ಒಬ್ಬಟ್ಟೋ ಕಟ್ಟಿಕೊಂಡು ಹೋಗುತ್ತಿದ್ದಳು. ಬರುವಾಗ ಮುಖದಲ್ಲಿ ಏನೋ ನಗು ಇಟ್ಟುಕೊಂಡು ಬರುತ್ತಿದ್ದಳು. ಅವಳು ಬರುವ ತನಕ ಬೆಕ್ಕು ಬಾಗಿಲಲ್ಲಿ, ತಮ್ಮ ಜಗುಲಿಯ ಮೇಲೆ, ನಾನು ಅವನನ್ನು ಹಿಡಿದುಕೊಂಡು. ಅಪ್ಪಾಜಿ ಒಳಗೂ ಹೊರಗೂ ಓಡಾಡುತ್ತಾ, ‘ನಿಮ್ಮಮ್ಮ ಇನ್ನೂ ಬರ್ಲಿಲ್ವಾ?’ ಎಂದು ಕೇಳುತ್ತಿದ್ದರು, ತಮಗೆ ಗೊತ್ತಿಲ್ಲದ್ದು ಏನೋ ನಮಗೆ ಗೊತ್ತಿದೆ ಎನ್ನುವ ಹಾಗೆ.

ಒಮ್ಮೆ ಟೀಚರ್ ಜಾರಿ ಬಿದ್ದು ಕೈ ಮುರಿದುಕೊಂಡರು. ಅಮ್ಮ ನಮ್ಮನ್ನು ಅಪ್ಪಾಜಿಗೆ ಒಪ್ಪಿಸಿ ಗುಬ್ಬಿಯಲ್ಲೇ ಉಳಿದಳು.

“ಅಲ್ಲಿ ನೋಡ್ಕೊಳಾಕೆ ಬೇರೆ ಯಾರೂ ಇಲ್ವಾ?” ಎಂದು ಹೊರಡುವಾಗ ಅಪ್ಪಾಜಿ ಕೇಳಿದ್ದರು.

“ಇಲ್ಲ. ನಿಮಗೇ ಗೊತ್ತಲ್ಲ” ಎಂದಿದ್ದಳು ಅಮ್ಮ.

ಅಪ್ಪಾಜಿ ಆ ದಿನಗಳಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಸೀಯಿಸಿದರು, ತಮ್ಮನ ಮೇಲೆ ರೇಗಿದರು, ಬೆಕ್ಕನ್ನು ಕಾರಣವಿಲ್ಲದೆ ಬೈದರು. ಅಮ್ಮ ವಾಪಸು ಬಂದ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅವಳು ಬಡಿಸುತ್ತಾ, ಗುಬ್ಬಿಯ ಯಾವುದೋ ಮಾತು ನೆನಪಾಗಿ, ತನ್ನಷ್ಟಕ್ಕೆ ನಕ್ಕಳು.

“ಅದೇನ್ ಮಾತಾಡ್ತೀರಾ ನೀವಿಬ್ರೂ ಅಷ್ಟೊಂದು?” ಎಂದರು ಅಪ್ಪಾಜಿ. ಸುಮ್ಮನೆ ಕೇಳಿದ ಹಾಗೆ ಇರಲಿ ಎಂದು ಅವರು ಪಟ್ಟ ಪ್ರಯತ್ನ ನನಗೂ ಕಾಣುತ್ತಿತ್ತು.

“ಯಾರಿಗೂ ಹೇಳ್ಬೇಡಿ ಅಂದವ್ರೆ ಟೀಚರ್” ಎಂದಳು ಅಮ್ಮ, ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತಾ.

ತಮ್ಮ ಅವಳ ಸೆರಗು ಜಗ್ಗುತ್ತಿದ್ದ. ಬೆಕ್ಕು ಅವಳ ಪಾದದ ಮೇಲೆ ಮಲಗಿತ್ತು. ಅಪ್ಪಾಜಿ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡುತ್ತಾ ಕೂತಿದ್ದರು. ಆ ಮುಖ ನೋಡಿ ನನಗೆ ನಗು ಬರಲಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಸೈಕಲ್ಲಿನ ಪಕ್ಕ ಕೂತಿದ್ದ ದಿನಗಳ ನನ್ನದೇ ಮುಖ. ನಾನು ನನ್ನ ತಟ್ಟೆ ಎತ್ತಿಕೊಂಡು, ಆ ಕಡೆ ಹೋಗಿ, ಅವರ ಪಕ್ಕದಲ್ಲಿ ಕೂತೆ.